ಇಲಿ ಇಳಿದ ದ್ವೀಪಗಳು

ಇಲಿಯನ್ನು ನಿಮಗೆ ಪರಿಚಯಿಸಬೇಕಾಗಿಲ್ಲ. ರಾತ್ರಿ ಅಟ್ಟದ ಮೇಲೆ ಓಡಾಡುವ ಸದ್ದು, ಮೂಲೆ ಕಡಿದ ಅಕ್ಕಿ ಚೀಲ, ಕಾಲೇಜಿನ ಪ್ರಯೋಗಾಲಯದ ಕಪಾಟಿನಲ್ಲಿ ಪ್ಲಾಸ್ಟಿಕ್ ಹೊದಿಕೆ ಕಳೆದುಕೊಂಡ ತಂತಿಗಳು - ಇವೆಲ್ಲ ನಮಗೆ ಸಾಮಾನ್ಯ ಸಂಗತಿಗಳು. ಗಣಪತಿಯ ವಾಹನವೆಂಬ ಗೌರವ ಅದಕ್ಕಿದೆ. ಬೋನು ಇಟ್ಟು ಹಿಡಿಯುವ ಕೋಪವೂ ನಮಗಿದೆ. ನಮ್ಮ ಹೊಲಗದ್ದೆಗಳಲ್ಲಿ ಇಲಿಯನ್ನು ಹಿಡಿದು ತಿನ್ನಲು ಕೇರೆ ಹಾವು, ಗೂಬೆ, ಮುಂಗುಸಿ, ಕಾಡುಬೆಕ್ಕುಗಳಿವೆ. ಆಹಾರ ಸರಪಣಿಯ ಪಾಠದಲ್ಲಿ ಬತ್ತ, ಇಲಿ, ಹಾವು, ಹದ್ದು ಎಂದು ಬಾಣದ ಗುರುತುಗಳನ್ನು ಹಾಕಿ ನಾವು ಕಲಿಸುವುದು ಈ ಸಮತೋಲವನ್ನೇ.

ಇದೇ ಇಲಿ ಹಾವಿಲ್ಲದ, ಮುಂಗುಸಿಯಿಲ್ಲದ, ಇಲಿಯನ್ನು ಎಂದೂ ಕಂಡಿರದ ಒಂದು ದ್ವೀಪಕ್ಕೆ ಇಳಿದರೆ ಏನಾದೀತು? ಕಳೆದ ಐದು ಶತಮಾನಗಳಲ್ಲಿ ಭೂಮಿಯಿಂದ ಅಳಿದುಹೋದ ಪಕ್ಷಿ ಪ್ರಭೇದಗಳಲ್ಲಿ ಬಹುಪಾಲು ದ್ವೀಪವಾಸಿಗಳು. ಈ ಅಳಿವಿನಲ್ಲಿ ಇಲಿಯ ಪಾತ್ರ ದೊಡ್ಡದೆಂದು ಇಂದು ಎಲ್ಲರೂ ಒಪ್ಪುತ್ತಾರೆ. ಆದರೆ 1964ರಲ್ಲಿ ಅನೇಕ ವಿಜ್ಞಾನಿಗಳು ಇದನ್ನು ಒಪ್ಪಿರಲಿಲ್ಲ. ಅವರು ಒಪ್ಪಿದ್ದು ಹೇಗೆ, ಅದಕ್ಕೆ ಕೊಡಬೇಕಾಗಿ ಬಂದ ಬೆಲೆಯೇನು ಎಂಬುದೇ ಈ ಲೇಖನದ ವಿಷಯ. ನಾನು ಜೀವವಿಜ್ಞಾನಿಯಲ್ಲ, ಭೌತವಿಜ್ಞಾನದ ಅಧ್ಯಾಪಕ. ಈ ಕಥೆ ನನ್ನನ್ನು ಸೆಳೆದಿರುವುದು ಇದರೊಳಗೆ ಅಡಗಿರುವ ಒಂದು ಪ್ರಶ್ನೆಯಿಂದಾಗಿ: ಒಂದು ಘಟನೆಗೆ ಇದೇ ಕಾರಣ ಎಂದು ಹೇಳಲು ಎಷ್ಟು ಸಾಕ್ಷ್ಯ ಬೇಕು? ಸಾಕ್ಷ್ಯ ಕೂಡಿಬರುವವರೆಗೆ ನಾವು ಕಾಯಬಹುದೆ?

ರಕ್ಷಣೆ ಕಲಿಯದ ಜೀವಿಗಳು

ಮೊದಲು ದ್ವೀಪಗಳ ಸ್ಥಿತಿಯನ್ನು ನೋಡೋಣ. ನ್ಯೂಜಿಲೆಂಡನ್ನೇ ತೆಗೆದುಕೊಳ್ಳಿ. ಸುಮಾರು 8 ಕೋಟಿ ವರ್ಷಗಳ ಹಿಂದೆ ಅದು ಗೊಂಡ್ವಾನ ಭೂಖಂಡದಿಂದ ಬೇರ್ಪಟ್ಟಿತು. ಮನುಷ್ಯ ಅಲ್ಲಿಗೆ ಬರುವ ವೇಳೆಗೆ ಅಲ್ಲಿದ್ದ ನೆಲದ ಸ್ತನಿಗಳೆಂದರೆ ಬಾವಲಿಗಳು ಮಾತ್ರ. ಅಲ್ಲಿನ ಹಕ್ಕಿಗಳ ಶತ್ರುಗಳೆಲ್ಲ ಆಕಾಶದಲ್ಲಿದ್ದವು - ಗಿಡುಗ, ಡೇಗೆಯಂಥ ಬೇಟೆಹಕ್ಕಿಗಳು. ಇವು ಕಣ್ಣಿನಿಂದ ಬೇಟೆಯಾಡುವಂಥವು. ಆದ್ದರಿಂದ ಅಪಾಯ ಕಂಡಾಗ ಕದಲದೆ ಕುಳಿತುಬಿಡುವುದು, ಸುತ್ತಲಿನ ಬಣ್ಣದಲ್ಲಿ ಕರಗಿಹೋಗುವುದು ಅಲ್ಲಿನ ಹಕ್ಕಿಗಳಿಗೆ ಒಳ್ಳೆಯ ಉಪಾಯವಾಗಿತ್ತು. ನೆಲದ ಮೇಲೆ, ಬಿಲಗಳಲ್ಲಿ, ಮರದ ಪೊಟರೆಗಳಲ್ಲಿ ಗೂಡು ಕಟ್ಟಿದರೂ ಭಯವಿರಲಿಲ್ಲ. ಹಾರಲು ಶಕ್ತಿ ವೆಚ್ಚವಾಗುತ್ತದೆ; ಹಾರುವ ಅಗತ್ಯ ಇಲ್ಲವಾದಲ್ಲಿ ಎಷ್ಟೋ ಹಕ್ಕಿಗಳು ಹಾರಾಟವನ್ನೇ ಬಿಟ್ಟವು.

ಇಲಿ ಬೇಟೆಯಾಡುವುದು ಕತ್ತಲೆಯಲ್ಲಿ, ಮೂಗಿನಿಂದ. ಅದರೆದುರು ಕದಲದೆ ಕೂರುವುದು ರಕ್ಷಣೆಯಲ್ಲ, ಶರಣಾಗತಿ. ಲಕ್ಷಾಂತರ ವರ್ಷ ಉಪಯುಕ್ತವಾಗಿದ್ದ ಗುಣವೇ ಒಂದು ರಾತ್ರಿಯಲ್ಲಿ ಮಾರಕವಾಗುತ್ತದೆ. ಇಲಿ ಮೊಟ್ಟೆಯನ್ನು, ಮರಿಯನ್ನು, ಗೂಡಿನಲ್ಲಿ ಕಾವು ಕೊಡುತ್ತಿರುವ ತಾಯಿಹಕ್ಕಿಯನ್ನೂ ಬಿಡುವುದಿಲ್ಲ. ಕೀಟ, ಬಸವನಹುಳು, ಹಲ್ಲಿ, ಬೀಜ, ಮೊಳಕೆ ಎಲ್ಲವೂ ಅದಕ್ಕೆ ಆಹಾರವೇ.

ಇಲಿಗಳ ಸಮುದ್ರಯಾನ

ಪ್ರಪಂಚದ ದ್ವೀಪಗಳಿಗೆ ಮನುಷ್ಯನ ಜೊತೆ ಹರಡಿದ ಇಲಿಗಳು ಮುಖ್ಯವಾಗಿ ಮೂರು ಪ್ರಭೇದದವು: ಕಪ್ಪು ಇಲಿ ಅಥವಾ ಹಡಗಿಲಿ, ಕಂದು ಇಲಿ, ಮತ್ತು ಪೆಸಿಫಿಕ್ ಇಲಿ. ದ್ವೀಪಸಮೂಹಗಳಲ್ಲಿ ಶೇಕಡ 80ಕ್ಕೂ ಹೆಚ್ಚಿನವನ್ನು ಇವುಗಳಲ್ಲಿ ಯಾವುದಾದರೊಂದು ಈಗಾಗಲೇ ತಲಪಿದೆ. ಹೆಸರಿಗೆ ಕಪ್ಪು ಇಲಿಯಾದರೂ ಅದರ ಬಣ್ಣ ಹೆಚ್ಚಾಗಿ ಕಂದೇ. ಹಗ್ಗ ಹತ್ತುವುದರಲ್ಲಿ ಇದು ನಿಪುಣ. ಹಡಗನ್ನು ದಡಕ್ಕೆ ಕಟ್ಟಿದ ಹಗ್ಗವೇ ಇದಕ್ಕೆ ಸೇತುವೆ. ಇನ್ನೊಂದು ಸಂಗತಿ ನಿಮಗೆ ಅಚ್ಚರಿ ತರಬಹುದು. ಡಿಎನ್‌ಎ ಅಧ್ಯಯನಗಳ ಪ್ರಕಾರ, ಹಡಗುಗಳಲ್ಲಿ ಪ್ರಪಂಚ ಸುತ್ತಿದ ಈ ಕಪ್ಪು ಇಲಿಯ ಮೂಲ ನೆಲೆ ನಮ್ಮ ಭಾರತದ ಪರ್ಯಾಯದ್ವೀಪವೇ. ನಿಮ್ಮ ಅಟ್ಟದ ಇಲಿಯೂ ನ್ಯೂಜಿಲೆಂಡಿನ ದ್ವೀಪಗಳಲ್ಲಿ ಅನಾಹುತ ಮಾಡಿದ ಇಲಿಯೂ ದೂರದ ದಾಯಾದಿಗಳು.

ಪೆಸಿಫಿಕ್ ಇಲಿಯನ್ನು ನ್ಯೂಜಿಲೆಂಡಿನ ಮಾವೊರಿ ಜನ ಕಿಯೊರೆ ಎನ್ನುತ್ತಾರೆ. ಇದು ಪಾಲಿನೇಷ್ಯನ್ ನಾವಿಕರ ದೋಣಿಗಳಲ್ಲಿ ಬಂದದ್ದು. ಯಾವಾಗ ಬಂತು? ಇಲ್ಲಿ ಭೌತವಿಜ್ಞಾನ ನೆರವಿಗೆ ಬರುತ್ತದೆ. ಇಲಿ ಕಡಿದ ಬೀಜದ ಮೇಲೆ ಅದರ ಹಲ್ಲಿನ ಗುರುತು ಉಳಿಯುತ್ತದೆ. ಜೌಗು ಮಣ್ಣಿನಲ್ಲಿ ಹೂತಿದ್ದ ಇಂಥ ಬೀಜಗಳಲ್ಲಿ ಎಷ್ಟು ಕಾರ್ಬನ್-14 ಉಳಿದಿದೆ ಎಂದು ಅಳೆದರೆ, ಅದರ ಅರ್ಧಾಯು 5,730 ವರ್ಷ ಎಂಬುದನ್ನು ಬಳಸಿ ಬೀಜದ ವಯಸ್ಸನ್ನು ಲೆಕ್ಕ ಹಾಕಬಹುದು. ಜಾನೆಟ್ ವಿಲ್ಮ್‌ಶರ್ಸ್ಟ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಇಲಿ ಕಡಿದ ಅತಿ ಹಳೆಯ ಬೀಜಗಳು ಸುಮಾರು ಕ್ರಿ.ಶ. 1280ರವು. ಇಲಿ ತಾನಾಗಿ ಸಾಗರ ದಾಟಿ ಬರುವಂತಿಲ್ಲವಾದ್ದರಿಂದ, ಮನುಷ್ಯ ನ್ಯೂಜಿಲೆಂಡಿಗೆ ಕಾಲಿಟ್ಟ ಕಾಲಕ್ಕೂ ಇದೇ ಪುರಾವೆ.

ಕಪ್ಪು ಇಲಿ ಎಂಥ ಹಾನಿ ಮಾಡಬಲ್ಲದು ಎಂಬುದಕ್ಕೆ ಮೊದಲ ಸ್ಪಷ್ಟ ನಿದರ್ಶನ ದೊರೆತದ್ದು ಆಸ್ಟ್ರೇಲಿಯಕ್ಕೆ ಸೇರಿದ ಲಾರ್ಡ್ ಹೋವ್ ದ್ವೀಪದಲ್ಲಿ. ಇದು ಆಸ್ಟ್ರೇಲಿಯದ ಪೂರ್ವಕ್ಕೆ ಸುಮಾರು 600 ಕಿ.ಮೀ. ದೂರದಲ್ಲಿ, ಸುಮಾರು 15 ಚದರ ಕಿ.ಮೀ. ವಿಸ್ತಾರವಿರುವ ದ್ವೀಪ. 1918ರ ಜೂನ್‌ನಲ್ಲಿ ಮಕಾಂಬೊ ಎಂಬ ಹಡಗು ಇಲ್ಲಿ ನೆಲ ಕಚ್ಚಿತು. ದುರಸ್ತಿಗಾಗಿ ಅದು ನಿಂತದ್ದು ಕೆಲವೇ ದಿನ. ಅಷ್ಟರಲ್ಲಿ ಇಲಿಗಳು ದಡ ಸೇರಿದವು. ಬೇರೆಲ್ಲೂ ಇಲ್ಲದ ಐದು ಬಗೆಯ ಹಕ್ಕಿಗಳು ಮುಂದಿನ ಕೆಲವೇ ವರ್ಷಗಳಲ್ಲಿ ಆ ದ್ವೀಪದಿಂದ ಮಾಯವಾದವು. ಕೈಯಷ್ಟು ಉದ್ದದ ಒಂದು ಕಡ್ಡಿಕೀಟವೂ ಕಾಣದಾಯಿತು. ಇಲಿಯ ಬಾಲ ತಂದವರಿಗೆ ಬಹುಮಾನವನ್ನು ಘೋಷಿಸಲಾಯಿತು. 1920ರ ದಶಕದಲ್ಲಿ ಹೊರಗಿನಿಂದ ಗೂಬೆಗಳನ್ನು ತಂದು ಬಿಡಲಾಯಿತು. ಇಲಿಗಳು ಉಳಿದವು, ಗೂಬೆಗಳು ತಾವೇ ಇನ್ನೊಂದು ಸಮಸ್ಯೆಯಾದವು.

ವಿಜ್ಞಾನಿಗಳ ಸಂದೇಹ

ಇಷ್ಟು ಸ್ಪಷ್ಟವಾದ ನಿದರ್ಶನವಿದ್ದರೂ ನಾಲ್ಕು ದಶಕಗಳ ನಂತರ ಸಂದೇಹವೇಕೆ ಉಳಿದಿತ್ತು? ಅವರನ್ನು ಮೂರ್ಖರೆಂದು ತಳ್ಳಿಹಾಕುವಂತಿಲ್ಲ. ಅವರ ಸಂದೇಹಕ್ಕೆ ಎರಡು ಆಧಾರಗಳಿದ್ದವು.

ಒಂದು, ಕಾರಣಗಳ ಗೋಜಲು. ನ್ಯೂಜಿಲೆಂಡಿನ ಮುಖ್ಯ ದ್ವೀಪಗಳಲ್ಲಿ ಹಕ್ಕಿಗಳು ಕಡಿಮೆಯಾದದ್ದೇನೋ ನಿಜ. ಆದರೆ ಅಲ್ಲಿಗೆ ಇಲಿಯೊಂದೇ ಬಂದಿರಲಿಲ್ಲ. ಬೆಕ್ಕು ಬಂದಿತ್ತು, ಮೊಲಗಳ ಹಾವಳಿ ತಡೆಯಲೆಂದು 19ನೆಯ ಶತಮಾನದ ಕೊನೆಯಲ್ಲಿ ತಂದ ಸ್ಟೋಟ್ ಎಂಬ ಮುಂಗುಸಿಯಂಥ ಬೇಟೆಪ್ರಾಣಿ ಬಂದಿತ್ತು, ಜಿಂಕೆಗಳು ಬಂದಿದ್ದವು, ಕಾಡು ಕಡಿದು ಹುಲ್ಲುಗಾವಲು ಮಾಡಲಾಗಿತ್ತು. ಪ್ರಯೋಗದಲ್ಲಿ ತಾಪ, ಒತ್ತಡ, ಗಾತ್ರ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರ ಪರಿಣಾಮ ಎಷ್ಟು ಎಂದು ಹೇಳಲು ಬರುವುದಿಲ್ಲ. ಇಲ್ಲಿಯೂ ಆದದ್ದು ಹಾಗೆಯೇ.

ಎರಡನೆಯದು, ಸಮತೋಲದಲ್ಲಿನ ನಂಬಿಕೆ. ಪರಭಕ್ಷಕ ಹೆಚ್ಚಾದರೆ ಬೇಟೆ ಕಡಿಮೆಯಾಗುತ್ತದೆ. ಬೇಟೆ ಕಡಿಮೆಯಾದರೆ ಆಹಾರವಿಲ್ಲದೆ ಪರಭಕ್ಷಕವೂ ಕಡಿಮೆಯಾಗುತ್ತದೆ. ಆಗ ಬೇಟೆ ಮತ್ತೆ ಚೇತರಿಸಿಕೊಳ್ಳುತ್ತದೆ. 1920ರ ದಶಕದಲ್ಲಿ ಲೋಟ್ಕ ಮತ್ತು ವೋಲ್ಟೆರ ರೂಪಿಸಿದ ಸಮೀಕರಣಗಳು ಹೇಳುವುದು ಇದನ್ನೇ. ಲೋಲಕದಂತೆ ಎರಡೂ ಸಂಖ್ಯೆಗಳು ಏರಿಳಿಯುತ್ತವೆ. ಆದರೆ ಈ ಸಮೀಕರಣಗಳ ಹಿಂದೆ ಒಂದು ಷರತ್ತು ಇದೆ: ಪರಭಕ್ಷಕ ಆ ಒಂದು ಬೇಟೆಯನ್ನೇ ನಂಬಿ ಬದುಕಬೇಕು. ಇಲಿ ಹಾಗಲ್ಲ. ಹಕ್ಕಿ ಮುಗಿದರೆ ಕೀಟ, ಕೀಟ ಮುಗಿದರೆ ಬೀಜ. ಹಕ್ಕಿಗಳು ನೂರರಿಂದ ಹತ್ತಕ್ಕೆ ಇಳಿದರೂ ಇಲಿಗಳ ಸಂಖ್ಯೆ ಇಳಿಯುವುದಿಲ್ಲ. ಉಳಿದ ಹತ್ತು ಗೂಡುಗಳ ಮೇಲೂ ಒತ್ತಡ ಹಾಗೆಯೇ ಇರುತ್ತದೆ. ಲೋಲಕ ಹಿಂದಿರುಗಿ ಬರುವುದೇ ಇಲ್ಲ. ಷರತ್ತು ಮರೆತು ಸೂತ್ರ ಬಳಸಬಾರದೆಂದು ತರಗತಿಯಲ್ಲಿ ನಾವು ಎಚ್ಚರಿಸುವುದು ಇದಕ್ಕಾಗಿಯೇ.

1964: ಟೌಕಿಹೆಪಾ

ನ್ಯೂಜಿಲೆಂಡಿನ ದಕ್ಷಿಣ ತುದಿಯಲ್ಲಿ ಸ್ಟೀವರ್ಟ್ ದ್ವೀಪವಿದೆ. ಅದರ ನೈಋತ್ಯ ಕರಾವಳಿಯಾಚೆ ಸುಮಾರು 900 ಹೆಕ್ಟೇರ್ ವಿಸ್ತಾರದ ಪುಟ್ಟ ದ್ವೀಪವೊಂದಿದೆ. ಮಾವೊರಿ ಭಾಷೆಯಲ್ಲಿ ಅದರ ಹೆಸರು ಟೌಕಿಹೆಪಾ. ಇಂಗ್ಲಿಷರು ಇಟ್ಟ ಹೆಸರು ಬಿಗ್ ಸೌತ್ ಕೇಪ್. ಟೀಟೀ ಎಂಬ ಕಡಲಹಕ್ಕಿಯ ಮರಿಗಳನ್ನು ಹಿಡಿಯುವುದು ಅಲ್ಲಿನ ಮಾವೊರಿ ಕುಟುಂಬಗಳಿಗೆ ತಲೆತಲಾಂತರದಿಂದ ಬಂದ ಹಕ್ಕು. ವರ್ಷದಲ್ಲಿ ಕೆಲವು ವಾರ ಅವರು ಬಂದು ತಮ್ಮ ಗುಡಿಸಲುಗಳಲ್ಲಿ ತಂಗುತ್ತಿದ್ದರು. ಉಳಿದಂತೆ ಅದು ಹಕ್ಕಿಗಳ ದ್ವೀಪ. ಮುಖ್ಯಭೂಮಿಯಲ್ಲಿ ಇಲ್ಲವಾಗಿದ್ದ ಅನೇಕ ಜೀವಿಗಳ ಕೊನೆಯ ಆಸರೆ ಅದಾಗಿತ್ತು. ಬೆನ್ನ ಮೇಲೆ ಕಂದು ಬಣ್ಣದ ಜೀನು ಹಾಕಿದಂತೆ ಕಾಣುವ, ಟೀಎಕೆ ಅಥವಾ ಸ್ಯಾಡಲ್‌ಬ್ಯಾಕ್ ಎಂಬ ಹಕ್ಕಿಯ ದಕ್ಷಿಣದ ಪ್ರಭೇದ ಇಡೀ ಪ್ರಪಂಚದಲ್ಲಿ ಉಳಿದಿದ್ದು ಇಲ್ಲಿ ಮತ್ತು ಪಕ್ಕದ ಪುಟ್ಟ ದ್ವೀಪಗಳಲ್ಲಿ ಮಾತ್ರ. ಬುಷ್ ರೆನ್ ಎಂಬ ಗಿಡ್ಡ ಬಾಲದ ಪುಟ್ಟ ಹಕ್ಕಿ, ಸ್ಟೀವರ್ಟ್ ದ್ವೀಪದ ಉಲ್ಲಂಕಿ, ನೆಲದ ಮೇಲೂ ಓಡಾಡಿ ಆಹಾರ ಹುಡುಕುವ ಒಂದು ಬಾವಲಿ - ಇವೂ ಅಲ್ಲಿದ್ದವು.

1960ರ ದಶಕದ ಮೊದಲ ವರ್ಷಗಳಲ್ಲಿ ಕಪ್ಪು ಇಲಿ ಅಲ್ಲಿಗೆ ತಲಪಿತು. ದಡಕ್ಕೆ ಹಗ್ಗ ಕಟ್ಟಿ ನಿಲ್ಲಿಸಿದ ಯಾವುದೋ ದೋಣಿಯಿಂದ ಇಳಿದಿರಬೇಕು. 1964ರ ಮಾರ್ಚ್‌ನಲ್ಲಿ ಮರಿಹಕ್ಕಿಯ ಋತುವಿಗೆ ಬಂದ ಕುಟುಂಬಗಳಿಗೆ ಕಂಡದ್ದು ಇಲಿಗಳ ಹಿಂಡು. ಗುಡಿಸಲುಗಳ ಒಳಗೆ ಗೋಡೆ ಕಾಗದವನ್ನೂ ಅವು ಬಿಟ್ಟಿರಲಿಲ್ಲ. ಕಾಡಿನಲ್ಲಿ ಹಕ್ಕಿಗಳ ಸದ್ದು ಕುಗ್ಗಿತ್ತು. ದ್ವೀಪವನ್ನು ಚೆನ್ನಾಗಿ ಬಲ್ಲ ಆ ಜನರೇ ಹೊರಜಗತ್ತಿಗೆ ಸುದ್ದಿ ಮುಟ್ಟಿಸಿದರು.

ಸರ್ಕಾರದ ವನ್ಯಜೀವಿ ಸೇವೆಯಲ್ಲಿದ್ದ ಬ್ರಯನ್ ಬೆಲ್, ಡಾನ್ ಮರ್ಟನ್ ಮೊದಲಾದವರು ತಕ್ಷಣ ಹಕ್ಕಿಗಳನ್ನು ಬೇರೆಡೆಗೆ ಸಾಗಿಸಬೇಕೆಂದು ವಾದಿಸಿದರು. ಹಿರಿಯ ಜೀವವಿಜ್ಞಾನಿಗಳಲ್ಲಿ ಕೆಲವರು ಇದಕ್ಕೆ ಸಮ್ಮತಿಸಲಿಲ್ಲ. ಇಲಿಯೇ ಕಾರಣ ಎಂಬುದಕ್ಕೆ ಪುರಾವೆ ಇಲ್ಲ. ಪ್ರಕೃತಿ ತಾನೇ ಸಮತೋಲಕ್ಕೆ ಬರುತ್ತದೆ. ಅಲ್ಲಿಯವರೆಗೆ ನಡುವೆ ಪ್ರವೇಶಿಸದೆ ಅಧ್ಯಯನ ಮಾಡೋಣ ಎಂಬುದು ಅವರ ನಿಲುವು. ವಾದ ವಿವಾದಗಳಲ್ಲಿ ತಿಂಗಳುಗಳು ಕಳೆದವು. ತಂಡ ಹಕ್ಕಿ ಹಿಡಿಯಲು ದ್ವೀಪಕ್ಕೆ ಹೋದದ್ದು ಆ ವರ್ಷದ ಆಗಸ್ಟ್‌ನಲ್ಲಿ.

ತೆಳು ಬಲೆಗಳನ್ನು ಕಟ್ಟಿ ಅವರು 36 ಸ್ಯಾಡಲ್‌ಬ್ಯಾಕ್‌ಗಳನ್ನು ಹಿಡಿದು, ಇಲಿಯಿಲ್ಲದ ಎರಡು ಸಣ್ಣ ದ್ವೀಪಗಳಲ್ಲಿ ಬಿಟ್ಟರು. ಅವು ಉಳಿದವು, ಮರಿ ಮಾಡಿದವು. ದಕ್ಷಿಣದ ಸ್ಯಾಡಲ್‌ಬ್ಯಾಕ್ ಇಂದು ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ಅನೇಕ ದ್ವೀಪಗಳಲ್ಲಿದೆ; ಅವೆಲ್ಲವೂ ಆ 36 ಹಕ್ಕಿಗಳ ಸಂತತಿ. ಉಲ್ಲಂಕಿಗಳಲ್ಲಿ ಸಿಕ್ಕಿದ್ದು ಎರಡೇ; ಅವು ಸೆರೆಯಲ್ಲಿ ಸತ್ತವು, ಅವುಗಳೊಂದಿಗೆ ಆ ಪ್ರಭೇದವೂ ಮುಗಿಯಿತು. ಬುಷ್ ರೆನ್‌ಗಳಲ್ಲಿ ಆರನ್ನು ಇನ್ನೊಂದು ದ್ವೀಪಕ್ಕೆ ಸಾಗಿಸಿದರೂ ಅವು ನೆಲೆಯೂರಲಿಲ್ಲ; ಕೊನೆಯದಾಗಿ ಕಂಡದ್ದು 1972ರಲ್ಲಿ. ಆ ಬಾವಲಿ 1967ರ ನಂತರ ಖಚಿತವಾಗಿ ಯಾರ ಕಣ್ಣಿಗೂ ಬಿದ್ದಿಲ್ಲ.

ಯಾರೂ ಯೋಜಿಸದ ಪ್ರಯೋಗ

ಈ ದುರಂತ ವಿಜ್ಞಾನದ ಅಭಿಪ್ರಾಯವನ್ನು ಬದಲಿಸಿದ್ದೇಕೆ? ಪ್ರಯೋಗದ ಭಾಷೆಯಲ್ಲಿ ನೋಡಿ. ಟೌಕಿಹೆಪಾದಲ್ಲಿ ಸ್ಟೋಟ್ ಇರಲಿಲ್ಲ. ಜಿಂಕೆ ಇರಲಿಲ್ಲ. ಕಾಡು ಕಡಿದಿರಲಿಲ್ಲ. ಜನ ಅಲ್ಲಿಗೆ ಹಿಂದೆಯೂ ಬರುತ್ತಿದ್ದರು, ಆಗಲೂ ಬರುತ್ತಿದ್ದರು. ಬದಲಾದ ಅಂಶ ಒಂದೇ - ಇಲಿ. ಇಲಿ ಬರುವುದಕ್ಕೆ ಮೊದಲು ಅಲ್ಲಿ ಯಾವ ಹಕ್ಕಿಗಳಿದ್ದವೆಂಬ ದಾಖಲೆಗಳಿದ್ದವು. ಬಂದ ನಂತರದ ದಾಖಲೆಗಳೂ ಸಿದ್ಧವಾದವು. ಹೋಲಿಸಿ ನೋಡಲು ಇಲಿ ತಲಪದ ನೆರೆಯ ದ್ವೀಪಗಳಿದ್ದವು. ಅಲ್ಲಿ ಅದೇ ಹವೆ, ಅದೇ ಕಾಡು, ಆದರೆ ಹಕ್ಕಿಗಳು ಕ್ಷೇಮವಾಗಿದ್ದವು. ಅಂದರೆ ಒಂದೇ ಚರಾಂಶವನ್ನು ಬದಲಿಸಿ, ಉಳಿದೆಲ್ಲವನ್ನೂ ಸ್ಥಿರವಾಗಿಟ್ಟು, ಹೋಲಿಕೆಗೆ ಒಂದು ಮಾದರಿಯನ್ನೂ ಇಟ್ಟುಕೊಂಡ ಪ್ರಯೋಗ ತಾನಾಗಿ ನಡೆದುಹೋಗಿತ್ತು. ಇಂಥ ಪ್ರಯೋಗವನ್ನು ಯಾವ ವಿಜ್ಞಾನಿಯೂ ಉದ್ದೇಶಪೂರ್ವಕವಾಗಿ ಮಾಡುವಂತಿರಲಿಲ್ಲ. ಪುರಾವೆ ಬೇಕೆಂದವರಿಗೆ ಪುರಾವೆ ಸಿಕ್ಕಿತು. ಸಿಗುವ ವೇಳೆಗೆ ಆ ಮೂರು ಜೀವಿಗಳು ಕೈಮೀರಿ ಹೋಗಿದ್ದವು.

ಕೊನೆಯ ಇಲಿಯ ಲೆಕ್ಕ

ಇಲಿಯೇ ಕಾರಣ ಎಂದು ಖಚಿತವಾದ ಮೇಲೆ ಮುಂದಿನ ಪ್ರಶ್ನೆ: ಇಳಿದ ಇಲಿಯನ್ನು ಹೊರಹಾಕಬಹುದೆ? ಇಲ್ಲಿ ಒಂದು ಸರಳ ಲೆಕ್ಕ ಮಾಡೋಣ. ಇಲಿಯ ಗರ್ಭಾವಧಿ ಸುಮಾರು ಮೂರು ವಾರ. ಹುಟ್ಟಿದ ಮರಿ ಮೂರು ನಾಲ್ಕು ತಿಂಗಳಲ್ಲಿ ತಾನೇ ಮರಿ ಹಾಕಬಲ್ಲದು. ಆಹಾರ ಹೇರಳವಾಗಿದ್ದು, ಸಂಖ್ಯೆ ಎರಡು ತಿಂಗಳಿಗೊಮ್ಮೆ ದ್ವಿಗುಣವಾಗುತ್ತದೆಂದು ಊಹಿಸಿಕೊಳ್ಳಿ. ಒಂದು ಜೋಡಿಯಿಂದ ಹೊರಟರೆ ಎರಡು ವರ್ಷಗಳಲ್ಲಿ 12 ದ್ವಿಗುಣಗಳು. 2ನ್ನು 12 ಸಲ ದ್ವಿಗುಣಿಸಿದರೆ 8,192.

ಈಗ ವಿಷವಿಟ್ಟು ಇವುಗಳಲ್ಲಿ ಶೇಕಡ 99ನ್ನು ಕೊಂದೆವೆನ್ನಿ. ಪರೀಕ್ಷೆಯಲ್ಲಾದರೆ 99 ಬಹಳ ದೊಡ್ಡ ಅಂಕ. ಇಲ್ಲಿ ಉಳಿದದ್ದು 82 ಇಲಿಗಳು. ಅವು ಮತ್ತೆ ಮೊದಲಿನ ಸಂಖ್ಯೆಗೆ ಬರಲು ನೂರು ಪಟ್ಟು ಹೆಚ್ಚಬೇಕು. ಅದಕ್ಕೆ ಏಳಕ್ಕಿಂತ ಕಡಿಮೆ ದ್ವಿಗುಣಗಳು ಸಾಕು, ಅಂದರೆ 13 ತಿಂಗಳ ಆಸುಪಾಸು. ಶೇಕಡ 99.9ನ್ನು ಕೊಂದರೆ? 20 ತಿಂಗಳು. ಶ್ರಮವನ್ನು ಹತ್ತು ಪಟ್ಟು ಹೆಚ್ಚಿಸಿ ಪಡೆದದ್ದು ಏಳು ತಿಂಗಳ ಬಿಡುವು ಮಾತ್ರ. ಘಾತೀಯ ವೃದ್ಧಿಯ ಮುಂದೆ ಭಾಗಶಃ ಗೆಲುವಿಗೆ ಬೆಲೆಯಿಲ್ಲ. ಕೊನೆಯ ಇಲಿಯೂ ಹೋಗಬೇಕು.

ಈ ಲೆಕ್ಕ ಬರಿಯ ಕಲ್ಪನೆಯಲ್ಲ. ದಕ್ಷಿಣ ಪೆಸಿಫಿಕ್‌ನ ಹೆಂಡರ್ಸನ್ ದ್ವೀಪದಲ್ಲಿ 2011ರಲ್ಲಿ ಹೆಲಿಕಾಪ್ಟರ್‌ಗಳಿಂದ ವಿಷದ ಉಂಡೆಗಳನ್ನು ಚೆಲ್ಲಲಾಯಿತು. ಅಲ್ಲಿದ್ದ ಇಲಿಗಳು 50 ಸಾವಿರದಿಂದ ಒಂದು ಲಕ್ಷ ಎಂದು ಅಂದಾಜು. ಬದುಕಿ ಉಳಿದವು 60ರಿಂದ 80 ಮಾತ್ರ ಎಂದು ನಂತರದ ತಳಿವಿಜ್ಞಾನದ ಅಧ್ಯಯನ ತೋರಿಸಿತು. ಕೆಲವೇ ವರ್ಷಗಳಲ್ಲಿ ದ್ವೀಪ ಮತ್ತೆ ಇಲಿಗಳಿಂದ ತುಂಬಿತು.

ನಮ್ಮಲ್ಲಿ ಬೆಟ್ಟ ಅಗೆದು ಇಲಿ ಹಿಡಿದರು ಎಂಬ ಗಾದೆಯಿದೆ. ದ್ವೀಪಗಳಲ್ಲಿ ಮಾಡಬೇಕಾಗಿರುವುದು ನಿಜವಾಗಿ ಅದನ್ನೇ. ಇದು ಸಾಧ್ಯವೆಂಬ ಮೊದಲ ಸುಳಿವು ಬಂದದ್ದು ಆಕ್ಲೆಂಡ್ ನಗರದ ಬಳಿಯ ನಾಯ್ಸಸ್ ದ್ವೀಪಗಳಲ್ಲಿ ಒಂದಾದ ಮರಿಯಾ ಎಂಬ ಸಣ್ಣ ದ್ವೀಪದಿಂದ. ಅಲ್ಲಿ ಕಂದು ಇಲಿಗಳು ಕಡಲಹಕ್ಕಿಗಳನ್ನು ಕೊಲ್ಲುತ್ತಿದ್ದುದನ್ನು ಕಂಡು, 1960ರ ದಶಕದ ಆರಂಭದಲ್ಲಿ ಸ್ವಯಂಸೇವಕರು ವಾರ್ಫರಿನ್ ಎಂಬ ವಿಷವನ್ನು ಇಟ್ಟರು. ಕೆಲವು ವರ್ಷಗಳ ನಂತರ ನೋಡಿದರೆ ಒಂದು ಇಲಿಯೂ ಇರಲಿಲ್ಲ.

ವಾರ್ಫರಿನ್ ಹೆಸರನ್ನು ನೀವು ಕೇಳಿರಬಹುದು. ಹೃದ್ರೋಗಿಗಳಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯಲು ವೈದ್ಯರು ಕೊಡುವ ಔಷಧವೂ ಅದೇ. ರಕ್ತ ಹೆಪ್ಪುಗಟ್ಟಲು ವಿಟಮಿನ್ ಕೆ ಬೇಕು. ದೇಹ ಅದನ್ನು ಮತ್ತೆ ಮತ್ತೆ ಬಳಸಿಕೊಳ್ಳುವುದನ್ನು ಈ ವಸ್ತು ತಡೆಯುತ್ತದೆ. ಪ್ರಮಾಣ ಹೆಚ್ಚಾದರೆ ಒಳಗೇ ರಕ್ತಸ್ರಾವವಾಗಿ ಪ್ರಾಣಿ ಸಾಯುತ್ತದೆ. ಇದು ಇಲಿಗೆ ತಕ್ಕ ವಿಷವಾಗಲು ಇನ್ನೊಂದು ಕಾರಣವಿದೆ. ಇಲಿ ಹೊಸ ಆಹಾರವನ್ನು ಶಂಕಿಸುತ್ತದೆ. ತಿಂದೊಡನೆ ಕಾಯಿಲೆಯಾದರೆ ಮತ್ತೆ ಮುಟ್ಟುವುದಿಲ್ಲ. ಈ ವಿಷದ ಪರಿಣಾಮ ಕಾಣಲು ಕೆಲವು ದಿನ ಬೇಕಾಗುವುದರಿಂದ ಅದು ಆಹಾರಕ್ಕೂ ಕಾಯಿಲೆಗೂ ಸಂಬಂಧ ಕಲ್ಪಿಸದು. ಮುಂದೆ ಇದೇ ವರ್ಗದ, ಇನ್ನೂ ಪ್ರಬಲವಾದ ಬ್ರೋಡಿಫಕೂಮ್ ಬಂದಿತು.

ಅಲ್ಲಿಂದ ಮುಂದಿನ ಪ್ರಗತಿಯನ್ನು ವಿಸ್ತೀರ್ಣದಲ್ಲಿಯೇ ಅಳೆಯಬಹುದು. 1988ರಲ್ಲಿ ಬ್ರೇಕ್‌ಸೀ ದ್ವೀಪ, 170 ಹೆಕ್ಟೇರ್. 2001ರಲ್ಲಿ ಕ್ಯಾಂಪ್‌ಬೆಲ್ ದ್ವೀಪ, ಸುಮಾರು 11,300 ಹೆಕ್ಟೇರ್. ಅಲ್ಲಿ ಚೆಲ್ಲಿದ ವಿಷದ ಉಂಡೆಗಳು 120 ಟನ್. ಟೌಕಿಹೆಪಾ ಸ್ವತಃ 2006ರಲ್ಲಿ ಇಲಿಮುಕ್ತವಾಯಿತು. ಅಂಟಾರ್ಕ್ಟಿಕದ ಸಮೀಪದ ದಕ್ಷಿಣ ಜಾರ್ಜಿಯಾದಲ್ಲಿ 2011ರಿಂದ 2015ರವರೆಗೆ ಮೂರು ಹಂತಗಳಲ್ಲಿ 1,000 ಚದರ ಕಿ.ಮೀ.ಗೂ ಹೆಚ್ಚು ನೆಲದಲ್ಲಿ ಕೆಲಸ ನಡೆಯಿತು. ಅಲ್ಲಿ ಅವಸರಕ್ಕೆ ಒಂದು ಕಾರಣವಿತ್ತು. ಹಿಮನದಿಗಳು ಇಲಿಗಳ ನೆಲೆಗಳನ್ನು ಬೇರೆ ಬೇರೆ ಕೋಣೆಗಳಂತೆ ವಿಂಗಡಿಸಿದ್ದವು. ಭೂಮಿಯ ತಾಪ ಏರಿ ಹಿಮನದಿಗಳು ಹಿಂದೆ ಸರಿದಂತೆ ಈ ಗೋಡೆಗಳು ಇಲ್ಲವಾಗುತ್ತಿದ್ದವು. ತರಬೇತಾದ ನಾಯಿಗಳಿಂದ ಹುಡುಕಿಸಿ, 2018ರಲ್ಲಿ ದ್ವೀಪ ಇಲಿಮುಕ್ತವೆಂದು ಸಾರಲಾಯಿತು.

ಇನ್ನು ಹೊಸದಾಗಿ ಒಂದೇ ಒಂದು ಇಲಿ ಬಂದಿಳಿದರೆ ಅದನ್ನು ಹಿಡಿಯುವುದು ಎಷ್ಟು ಕಷ್ಟ? ಆಕ್ಲೆಂಡ್ ವಿಶ್ವವಿದ್ಯಾನಿಲಯದ ಜೇಮ್ಸ್ ರಸೆಲ್ ಮತ್ತು ಸಂಗಡಿಗರು ಇದನ್ನೂ ಪ್ರಯೋಗದಿಂದಲೇ ತಿಳಿಯಹೊರಟರು. ಅದೇ ನಾಯ್ಸಸ್ ಸಮೂಹದ 9.5 ಹೆಕ್ಟೇರ್‌ನ ಒಂದು ಇಲಿಮುಕ್ತ ದ್ವೀಪದಲ್ಲಿ 2004ರಲ್ಲಿ ಕೊರಳಿಗೆ ರೇಡಿಯೊ ಕಟ್ಟಿದ ಒಂದು ಗಂಡು ಕಂದು ಇಲಿಯನ್ನು ಬಿಟ್ಟರು. ಬೋನು, ವಿಷ, ನಾಯಿ ಎಲ್ಲವನ್ನೂ ಅದು ತಪ್ಪಿಸಿಕೊಂಡಿತು. 400 ಮೀಟರ್ ಸಮುದ್ರವನ್ನು ಈಜಿ ಪಕ್ಕದ ದ್ವೀಪ ಸೇರಿತು. ಹಿಡಿಯಲು 18 ವಾರ ಬೇಕಾಯಿತು. ಎಲ್ಲಿ ಬಿಟ್ಟಿದ್ದೇವೆಂದು ಗೊತ್ತಿದ್ದ ಇಲಿಯ ಕಥೆಯೇ ಹೀಗಾದರೆ, ಗೊತ್ತಿಲ್ಲದೆ ಇಳಿದ ಇಲಿಯ ಗತಿಯನ್ನು ನೀವೇ ಯೋಚಿಸಿ.

ಸಮುದ್ರದವರೆಗೆ ಮುಟ್ಟಿದ ಹಾನಿ

ಇಲಿಯಿಂದಾಗುವ ಹಾನಿ ಹಕ್ಕಿಗಳಿಗಷ್ಟೇ ಸೀಮಿತವೆಂದು ಬಹುಕಾಲ ಭಾವಿಸಲಾಗಿತ್ತು. ಈ ಅಭಿಪ್ರಾಯವನ್ನು ಬದಲಿಸಿದ ಅಧ್ಯಯನ ನಡೆದದ್ದು ನಮ್ಮ ಹಿಂದೂ ಮಹಾಸಾಗರದಲ್ಲಿ, ಮಾಲ್ಡೀವ್ಸ್‌ನ ದಕ್ಷಿಣಕ್ಕಿರುವ ಚಾಗೋಸ್ ದ್ವೀಪಸಮೂಹದಲ್ಲಿ. ಅಲ್ಲಿ ಕೆಲವು ದ್ವೀಪಗಳಲ್ಲಿ ಇಲಿಗಳಿವೆ, ಕೆಲವಕ್ಕೆ ಅವು ತಲಪಿಲ್ಲ. ನಿಕ್ ಗ್ರಹಾಂ ಮತ್ತು ಸಂಗಡಿಗರು ಇಲಿಯಿರುವ ಆರು, ಇಲ್ಲದ ಆರು ದ್ವೀಪಗಳನ್ನು ಹೋಲಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಇಲಿಯಿಲ್ಲದ ದ್ವೀಪಗಳಲ್ಲಿ ಕಡಲಹಕ್ಕಿಗಳ ಸಾಂದ್ರತೆ 760 ಪಟ್ಟು ಹೆಚ್ಚು. ಹಕ್ಕಿಗಳು ದೂರದ ಸಮುದ್ರದಲ್ಲಿ ಮೀನು ತಿಂದು ದ್ವೀಪಕ್ಕೆ ಬಂದು ಹಿಕ್ಕೆ ಹಾಕುತ್ತವೆ; ಹೀಗೆ ನೆಲಕ್ಕೆ ಸೇರುವ ನೈಟ್ರೊಜನ್ 251 ಪಟ್ಟು ಹೆಚ್ಚು. ಮಳೆಯಲ್ಲಿ ತೊಳೆದುಹೋದ ಈ ಗೊಬ್ಬರ ಸುತ್ತಲಿನ ಹವಳದ ದಿಬ್ಬಗಳಿಗೆ ಇಳಿಯುತ್ತದೆ. ಪರಿಣಾಮವಾಗಿ ಅಲ್ಲಿನ ಮೀನುಗಳ ಒಟ್ಟು ರಾಶಿ ಶೇಕಡ 48ರಷ್ಟು ಹೆಚ್ಚಿತ್ತು. ನೆಲದ ಮೇಲಿನ ಇಲಿ ನೀರೊಳಗಿನ ಮೀನನ್ನು ಬಡವಾಗಿಸಿತ್ತು. ಇಲ್ಲಿಯೂ ನಂಬಿಕೆ ಮೂಡಿಸಿದ್ದು ಹೋಲಿಕೆಗೆ ಸಿಕ್ಕ ಜೋಡಿ ದ್ವೀಪಗಳು.

ಮರಳಿ ಲಾರ್ಡ್ ಹೋವ್‌ಗೆ

ಲಾರ್ಡ್ ಹೋವ್ ದ್ವೀಪದ ಕಡ್ಡಿಕೀಟ ನೆನಪಿದೆಯಲ್ಲವೆ? ಅಳಿದುಹೋಯಿತೆಂದು ಎಲ್ಲರೂ ಕೈಬಿಟ್ಟಿದ್ದರು. ಆ ದ್ವೀಪದಿಂದ 23 ಕಿ.ಮೀ. ದೂರದಲ್ಲಿ, ಸಮುದ್ರದಿಂದ 550 ಮೀಟರ್‌ನಷ್ಟು ನೇರವಾಗಿ ಎದ್ದುನಿಂತ ಬಾಲ್ಸ್ ಪಿರಮಿಡ್ ಎಂಬ ಬಂಡೆಯಿದೆ. 2001ರಲ್ಲಿ ಅದನ್ನು ಹತ್ತಿದ ಸಂಶೋಧಕರಿಗೆ ಒಂದು ಪೊದೆಯ ಬಳಿ ಈ ಕೀಟಗಳು ಕಂಡವು. ಎಣಿಸಿದಾಗ ಇದ್ದದ್ದು 24. 2003ರಲ್ಲಿ ಅಲ್ಲಿಂದ ಎರಡು ಜೋಡಿಗಳನ್ನು ತರಲಾಯಿತು. ಮೆಲ್ಬರ್ನ್ ಮೃಗಾಲಯದಲ್ಲಿ ಒಂದು ಜೋಡಿಯಿಂದ ಸಾವಿರಾರು ಕೀಟಗಳು ಹುಟ್ಟಿದವು. ಇವು ಅಳಿದುಹೋಯಿತೆಂದುಕೊಂಡಿದ್ದ ಪ್ರಭೇದವೇ ಎಂದು, ಸಂಗ್ರಹಾಲಯದಲ್ಲಿದ್ದ ಹಳೆಯ ಮಾದರಿಗಳ ಡಿಎನ್‌ಎ ಜೊತೆ ಹೋಲಿಸಿ 2017ರಲ್ಲಿ ಖಚಿತಪಡಿಸಲಾಯಿತು.

ಲಾರ್ಡ್ ಹೋವ್‌ನಲ್ಲಿ ಇಲಿ ನಿರ್ಮೂಲನ ನಡೆದದ್ದು 2019ರಲ್ಲಿ, ಮಕಾಂಬೊ ಹಡಗು ಬಂದು ನೂರು ವರ್ಷ ದಾಟಿದ ಮೇಲೆ. ಅಲ್ಲಿ ಜನವಸತಿಯಿದೆ, ಶಾಲೆಯಿದೆ, ದನಗಳಿವೆ. ಮಕ್ಕಳಿರುವ ಊರಿನಲ್ಲಿ ವಿಷ ಚೆಲ್ಲುವುದಕ್ಕೆ ನಿವಾಸಿಗಳಲ್ಲಿ ಅನೇಕರು ವಿರೋಧವಿದ್ದರು. ಚರ್ಚೆ ವರ್ಷಗಟ್ಟಲೆ ನಡೆಯಿತು. ಆ ಆತಂಕ ಸುಳ್ಳಲ್ಲ. ಇಲಿಗೆ ಇಟ್ಟ ವಿಷವನ್ನು ಹಕ್ಕಿಯೂ ತಿನ್ನಬಹುದು; ಸತ್ತ ಇಲಿಯನ್ನು ತಿಂದ ಪ್ರಾಣಿಯೂ ಸಾಯಬಹುದು. ಆದ್ದರಿಂದ ವುಡ್‌ಹೆನ್ ಎಂಬ, ಹಾರಲಾರದ ಅಲ್ಲಿನ ಅಪೂರ್ವ ಹಕ್ಕಿಗಳಲ್ಲಿ ಬಹುಪಾಲನ್ನು ಮೊದಲೇ ಹಿಡಿದು ತಿಂಗಳುಗಟ್ಟಲೆ ಗೂಡುಗಳಲ್ಲಿ ಸಾಕಲಾಯಿತು. ಬಿಡುಗಡೆಯಾದ ನಂತರ ಅವುಗಳ ಸಂಖ್ಯೆ ಹಲವು ಪಟ್ಟು ಹೆಚ್ಚಿದೆ. 2021ರಲ್ಲಿ ಎರಡು ಇಲಿಗಳು ಮತ್ತೆ ಕಾಣಿಸಿಕೊಂಡಾಗ ಕೂಡಲೇ ನಾಯಿಗಳೊಂದಿಗೆ ಹುಡುಕಾಟ ಆರಂಭವಾಯಿತು. ಕಾವಲು ಮಾತ್ರ ನಿಲ್ಲುವಂತಿಲ್ಲ.

ಕೊನೆಯದಾಗಿ, 1964ರ ಆ ವಾದಕ್ಕೆ ಮರಳೋಣ. ಪುರಾವೆ ಕೇಳಿದ್ದು ತಪ್ಪೆ? ಅಲ್ಲ, ಪುರಾವೆ ಕೇಳುವುದೇ ವಿಜ್ಞಾನ. ತಪ್ಪಿದ್ದು ಇನ್ನೊಂದು ಕಡೆ. ಇನ್ನೂ ಸಾಬೀತಾಗಿಲ್ಲ ಎಂಬುದನ್ನು ಅಪಾಯವಿಲ್ಲ ಎಂಬುದಕ್ಕೆ ಸಮಾನವೆಂದು ತಿಳಿದದ್ದು. ನಿರ್ಧಾರಗಳಲ್ಲಿ ಎರಡು ಬಗೆಯ ತಪ್ಪುಗಳಿರುತ್ತವೆ. ಇಲಿ ನಿರಪರಾಧಿಯಾಗಿದ್ದು ಹಕ್ಕಿಗಳನ್ನು ಸಾಗಿಸಿದ್ದರೆ ಆಗುತ್ತಿದ್ದ ನಷ್ಟ ಸ್ವಲ್ಪ ಹಣ, ಕೆಲವರ ಶ್ರಮ, ಬಲೆಗೆ ಸಿಕ್ಕಿ ಸಾಯಬಹುದಾಗಿದ್ದ ಕೆಲವು ಹಕ್ಕಿಗಳು. ಇಲಿ ಅಪರಾಧಿಯಾಗಿದ್ದು ಸುಮ್ಮನಿದ್ದರೆ ಆಗುವ ನಷ್ಟವನ್ನು ಮುಂದೆ ಯಾವ ಅನುದಾನದಿಂದಲೂ ತುಂಬಲಾಗದು. ಎರಡೂ ತಪ್ಪುಗಳ ಬೆಲೆ ಸಮನಲ್ಲದಿರುವಾಗ ಎರಡಕ್ಕೂ ಒಂದೇ ಪ್ರಮಾಣದ ಪುರಾವೆ ಬೇಡುವುದು ಸರಿಯಲ್ಲ. ಹವಾಮಾನ ಬದಲಾವಣೆ, ಕೆರೆಗಳ ಮಾಲಿನ್ಯ, ಹೊಸ ಔಷಧಗಳು - ಇಂಥ ಯಾವ ವಿಷಯದಲ್ಲಿಯೂ ಈ ವಿವೇಚನೆ ನಮಗೆ ಬೇಕಾಗುತ್ತದೆ.

ಆಹಾರ ಸರಪಣಿಯ ಪಾಠ ಮಾಡುವ ಶಿಕ್ಷಕರು ಮುಂದಿನ ಸಲ ಬತ್ತ, ಇಲಿ, ಹಾವು ಎಂದು ಬರೆದ ಮೇಲೆ ಹಾವನ್ನು ಅಳಿಸಿ, ಮುಂದೇನಾಗುತ್ತದೆಂದು ಮಕ್ಕಳನ್ನೇ ಕೇಳಿನೋಡಿ. ದ್ವಿಗುಣದ ಲೆಕ್ಕವನ್ನು ಅವರಿಂದಲೇ ಮಾಡಿಸಿ. ಆ 36 ಹಕ್ಕಿಗಳ ಕಥೆಯನ್ನೂ ಹೇಳಿ. ಜೊತೆಗೆ, ಬಲೆ ಕಟ್ಟಲು ತಡವಾದ ಆ ತಿಂಗಳುಗಳನ್ನೂ.